ಹಾಲಿನ ಎಲ್‌ಇಡಿ ಲೈಟ್‌ಗೆ ಯಾವ ಡಿಮ್ಮರ್ ಹಾಕ್ಲಿ? ಲೀಡಿಂಗ್ ಎಡ್ಜಾ, ಟ್ರೇಲಿಂಗ್ ಎಡ್ಜಾ?

ಮೈಸೂರ್_ಹಳೇಮನೆ
ಎಲ್ರಿಗೂ ನಮಸ್ಕಾರ. ನಮ್ದು ಮೈಸೂರಲ್ಲಿ ಹಳೇ ಮನೆ, ಹೋದ್ ವರ್ಷ ಹಾಲಿಗೆ ಫಾಲ್ಸ್ ಸೀಲಿಂಗ್ ಮಾಡಿಸಿ 7 ವ್ಯಾಟಿನ 6 ಡೌನ್‌ಲೈಟ್ ಹಾಕಿಸಿದ್ವಿ. ಅಮ್ಮಂಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ರಾತ್ರಿ ಬಾತ್‌ರೂಮಿಗೆ ಎದ್ದಾಗ ಲೈಟ್ ಹಾಕಿದ್ರೆ ಕಣ್ಣು ಚುಚ್ಚತ್ತೆ ಅಂತಾರೆ, ಹಾಕ್ದೇ ಹೋದ್ರೆ ಎಲ್ಲಿ ಬೀಳ್ತಾರೋ ಅಂತ ನಮಗೆ ಭಯ. ಅದಕ್ಕೇ ಡಿಮ್ಮರ್ ಹಾಕಿಸಿದ್ದು.

ಈಗ ಆಗಿರೋದು ಏನಪ್ಪಾ ಅಂದ್ರೆ, ನಾಬ್ ಅರ್ಧಕ್ಕಿಂತ ಕೆಳಗೆ ಬಂದ್ರೆ ಲೈಟ್ ನಡುಗೋಕೆ ಶುರು ಮಾಡತ್ತೆ, ಇನ್ನೂ ತಿರುಗಿಸಿದ್ರೆ ಎರಡು ಆಫ್ ಆಗತ್ತೆ ನಾಲ್ಕು ಉರಿಯತ್ತೆ, ಸ್ವಿಚ್‌ಬೋರ್ಡಿಂದ ಗುಯ್ ಅಂತ ಸದ್ದು, ಪೂರ್ತಿ ಆಫ್ ಮಾಡಿದ ಮೇಲೂ ಕಿಟಕಿ ಹತ್ರ ಇರೋ ಲೈಟು ಮಿಣುಕುಹುಳದ ಥರ ಸಣ್ಣಗೆ ಬೆಳಗ್ತಾ ಇರತ್ತೆ. ಎಲೆಕ್ಟ್ರಿಷಿಯನ್ ಲೈಟ್ ಸರಿ ಇಲ್ಲ ಅಂತಾನೆ, ಅಂಗಡಿಯವ್ರು ಡಿಮ್ಮರ್ ಸರಿ ಇಲ್ಲ ಅಂತಾರೆ. ಡಿಮ್ಮರ್ ಡಬ್ಬದ ಮೇಲೆ 60 ರಿಂದ 400 ವ್ಯಾಟ್ ಅಂತಿದೆ. ನೆಟ್‌ನಲ್ಲಿ ನೋಡಿದ್ರೆ ಲೀಡಿಂಗ್ ಎಡ್ಜ್, ಟ್ರೇಲಿಂಗ್ ಎಡ್ಜ್ ಅಂತ ಎರಡು ಜಾತಿ ಇದೆಯಂತೆ. ಯಾವುದು ತಗೋಬೇಕು, ಬಿಡಿಸಿ ಹೇಳಿ ಪ್ಲೀಸ್.

ಎರಡ್‌ಸ್ವಿಚ್_ಸಾಕು
ಡಿಮ್ಮರೇ ಬೇಡ ಸಾರ್. ಗೋಡೆ ಬುಡದಲ್ಲಿ ಅರ್ಧ ವ್ಯಾಟಿನ ನೈಟ್ ಲ್ಯಾಂಪ್ ಒಂದು ಹಾಕಿ, ಕೆಲಸ ಮುಗೀತು.

ಹುಬ್ಳಿ_ವಾಯರಿಂಗ್
ಅಣ್ಣಾ, ನಿನ್ನ ಪ್ರಶ್ನೆಕ್ಕ ಉತ್ತರ ನೀನ ಬರದೀ ನೋಡು. ಡಬ್ಬಿ ಮ್ಯಾಲ 60 ರಿಂದ ಅಂತೈತಿ, ನಿನ್ನ ಲೈಟ್ ಎಲ್ಲಾ ಕೂಡ್ಸಿದ್ರ ಎಷ್ಟು? 42 ವ್ಯಾಟ್. ಕನಿಷ್ಠ ಲೋಡ್ ಇಲ್ಲಂದ್ರ ಆ ಡಿಮ್ಮರ್ ಹೆಂಗ್ ಕೆಲಸ ಮಾಡಬೇಕು? ಅದು ಹಳೇ ಕಾಲದ 60 ವ್ಯಾಟ್, 100 ವ್ಯಾಟ್ ತಂತಿ ಬಲ್ಬಿಗೆ ಮಾಡಿದ ಸಾಮಾನು. 22 ವರ್ಷ ಆತು ನಾ ವಾಯರಿಂಗ್ ಮಾಡಾಕತ್ತು, ವಾರಕ್ಕ ಒಂದರ ಇಂಥಾ ಕೇಸ್ ಬರತಾವು.

ಕುಡ್ಲ_ಬೊಳ್ಪು
ಫ್ಯಾನ್ ರೆಗ್ಯುಲೇಟರ್ ಹಾಕಿದ್ರೆ ಆಗುದಿಲ್ವಾ? ನಮ್ಮ ಪಕ್ಕದ ಮನೆಯಲ್ಲಿ ಹಾಗೇ ಮಾಡಿದ್ದಾರೆ.

ಹುಬ್ಳಿ_ವಾಯರಿಂಗ್
ಬ್ಯಾಡ್ರೀ ಬ್ಯಾಡ್ರೀ. ಈಗ ಬರೋ ಸ್ಟೆಪ್ ರೆಗ್ಯುಲೇಟರ್ ಒಳಗ ಕೆಪಾಸಿಟರ್ ಇರ್ತಾವು. ಎಲ್‌ಇಡಿ ಒಳಗಿನ ಡ್ರೈವರ್, ಅಂದ್ರ ಅದಕ್ಕ ಕರೆಂಟ್ ಕೊಡೋ ಸರ್ಕ್ಯೂಟ್, 100 ವೋಲ್ಟಿದ್ರೂ 280 ಇದ್ರೂ ಒಂದ ಸಮ ಬೆಳಕ ಕೊಡಬೇಕಂತ ಮಾಡಿದ್ದು, ನೀವು ವೋಲ್ಟೇಜ್ ಇಳಿಸಿದ್ರ ಅದು ಬೆಳಕ ಇಳಸಂಗಿಲ್ಲ, ತಡಕೊಂಡ ತಡಕೊಂಡ ಕಡೀಕ ಪಕ್ ಪಕ್ ಅಂತ ಹೊತ್ತಿ ಆರತೈತಿ.

ಸರ್ಕ್ಯೂಟ್_ಅಕ್ಕ
ನಾನು ಪೀಣ್ಯದಲ್ಲಿ ಎಲ್‌ಇಡಿ ಡ್ರೈವರ್ ಡಿಸೈನ್ ಕೆಲಸದಲ್ಲಿದೀನಿ, ಸ್ವಲ್ಪ ಉದ್ದ ಬರೀತೀನಿ, ಓದಿ.

ನಮ್ಮ ಮನೆಗೆ ಬರೋ ಕರೆಂಟು 50 ಹರ್ಟ್ಸ್, ಅಂದ್ರೆ ಅಲೆ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟತ್ತೆ. ಒಂದೊಂದು ಅರ್ಧ ಅಲೆ 10 ಮಿಲಿಸೆಕೆಂಡ್. ಫೇಸ್ ಕಟ್ ಡಿಮ್ಮರ್ ಮಾಡೋದು ಇಷ್ಟೇ, ಪ್ರತಿ ಅರ್ಧ ಅಲೆಯಲ್ಲೂ ಒಂದು ತುಂಡು ಕತ್ತರಿಸಿ ಬಿಸಾಕತ್ತೆ. ಮುಂದಿನ ತುಂಡು ಕತ್ತರಿಸಿದ್ರೆ ಲೀಡಿಂಗ್ ಎಡ್ಜ್, ಹಿಂದಿನ ತುಂಡು ಕತ್ತರಿಸಿದ್ರೆ ಟ್ರೇಲಿಂಗ್ ಎಡ್ಜ್.

ಲೀಡಿಂಗ್‌ನಲ್ಲಿ ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಇರತ್ತೆ. ಅರ್ಧಕ್ಕೆ ಇಟ್ಟಿದೀರ ಅಂದ್ಕೊಳಿ, ಅಲೆ ತುದಿ ಮುಟ್ಟೋ ಹೊತ್ತಿಗೆ ಟ್ರಯಾಕ್ ಬಾಗಿಲು ತೆಗೆಯತ್ತೆ, 230 ವೋಲ್ಟಿನ ಅಲೆಯ ತುದಿ ಅಂದ್ರೆ 325 ವೋಲ್ಟ್, ಅದು ಒಂದೇ ಏಟಿಗೆ ಡ್ರೈವರ್ ಮೇಲೆ ಬೀಳತ್ತೆ. ತಂತಿ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಡ್ರೈವರ್ ಒಳಗೆ ಕೆಪಾಸಿಟರ್ ಇರತ್ತಲ್ಲ, ಅದು ಗಬಕ್ ಅಂತ ಕರೆಂಟ್ ಎಳ್ಕೊಳತ್ತೆ, ಸೆಕೆಂಡಿಗೆ 100 ಸಲ. ಸೀಲಿಂಗಿಂದ ಕೇಳೋ ಗುಯ್ ಸದ್ದು ಈ ಹೊಡೆತದ್ದೇ. ಬೋರ್ಡಿಂದ ಬರೋದು ಡಿಮ್ಮರ್ ಒಳಗಿನ ಚೋಕ್, ಅಂದ್ರೆ ತಂತಿ ಸುರುಳಿ, ಅದುರೋದು.

ಇನ್ನೊಂದು ವಿಷಯ. ಟ್ರಯಾಕ್ ಒಂದ್ಸಲ ಬಾಗಿಲು ತೆಗೆದ್ರೆ ಅದು ತೆಗೆದೇ ಇರೋಕೆ ಒಂದಿಷ್ಟು ಕರೆಂಟ್ ಹರೀತಾ ಇರಬೇಕು, ಅದಕ್ಕೆ ಹೋಲ್ಡಿಂಗ್ ಕರೆಂಟ್ ಅಂತಾರೆ. 7 ವ್ಯಾಟ್ ಲೈಟ್ ಒಂದು ಎಳ್ಕೊಳೋದೇ ಸರಾಸರಿ 30 ಮಿಲಿಆಂಪ್, ಡಿಮ್ ಮಾಡಿದಾಗ ಇನ್ನೂ ಕಮ್ಮಿ. ಕರೆಂಟ್ ಸಾಲದೇ ಬಾಗಿಲು ಮಧ್ಯದಲ್ಲೇ ಮುಚ್ಕೊಳತ್ತೆ, ಮತ್ತೆ ತೆಗೆಯತ್ತೆ. ನಿಮ್ಮ ಲೈಟ್ ನಡುಗೋದು ಅಲ್ಲೇ.

ಟ್ರೇಲಿಂಗ್‌ನಲ್ಲಿ ಮಾಸ್‌ಫೆಟ್ ಅನ್ನೋ ಇನ್ನೊಂದು ಥರದ ಎಲೆಕ್ಟ್ರಾನಿಕ್ ಸ್ವಿಚ್ ಇರತ್ತೆ. ಅಲೆ ಸೊನ್ನೆಯಲ್ಲಿದ್ದಾಗ ಆನ್ ಆಗಿ ನಿಧಾನಕ್ಕೆ ಅಲೆ ಜೊತೆಗೇ ಏರತ್ತೆ, ಆಮೇಲೆ ಬೇಕಾದ ಕಡೆ ಆಫ್ ಆಗತ್ತೆ. ಹೊಡೆತ ಇಲ್ಲ, ಸದ್ದು ಕಮ್ಮಿ, ಕನಿಷ್ಠ ಲೋಡೂ ಕಮ್ಮಿ ಸಾಕು. ನಿಮ್ಮ ಹಾಲಿಗೆ ನನ್ನ ಓಟು ಟ್ರೇಲಿಂಗ್‌ಗೆ. ಆದ್ರೆ ಮೊದಲು ಒಂದು ಹೇಳಿ, ನಿಮ್ಮ ಡೌನ್‌ಲೈಟ್ ಮೇಲೆ ಡಿಮ್ಮಬಲ್ ಅಂತ ಬರೆದಿದೆಯಾ?

ಮೈಸೂರ್_ಹಳೇಮನೆ
ಅಕ್ಕಾ, ಸ್ಟೂಲ್ ಹತ್ತಿ ಒಂದು ಲೈಟ್ ಬಿಚ್ಚಿ ನೋಡ್ದೆ. ಹಿಂದೆ ಚಿಕ್ಕ ಬಿಳೀ ಡಬ್ಬಿ, ಅದರ ಮೇಲೆ ಇನ್‌ಪುಟ್ 100 ರಿಂದ 300 ವೋಲ್ಟ್, ಔಟ್‌ಪುಟ್ 300 ಮಿಲಿಆಂಪ್ ಅಂತಿದೆ. ಡಿಮ್ಮಬಲ್ ಅಂತ ಎಲ್ಲೂ ಇಲ್ಲ. ಅಂಗಡಿಯವ್ರು ಎಲ್ಲಾ ಎಲ್‌ಇಡಿನೂ ಡಿಮ್ ಆಗತ್ತೆ ಅಂದಿದ್ರು.

ಸರ್ಕ್ಯೂಟ್_ಅಕ್ಕ
ಹಾಗಾದ್ರೆ ಯಾವ ಡಿಮ್ಮರ್ ಹಾಕಿದ್ರೂ ಸರಿ ಹೋಗಲ್ಲ. ಡಿಮ್ಮಬಲ್ ಡ್ರೈವರ್ ಅಂದ್ರೆ ಕತ್ತರಿಸಿದ ಅಲೆ ನೋಡಿ ಎಷ್ಟು ಕತ್ತರಿಸಿದಾರೆ ಅಂತ ಅಳೆದು, ಅಷ್ಟಕ್ಕೆ ತಕ್ಕಂತೆ ಎಲ್‌ಇಡಿಗೆ ಕೊಡೋ ಕರೆಂಟ್ ಇಳಿಸತ್ತೆ. ಅದರಲ್ಲಿ ಬ್ಲೀಡರ್ ಅಂತ ಒಂದು ಭಾಗ ಇರತ್ತೆ, ಟ್ರಯಾಕ್ ಬಾಗಿಲು ಮುಚ್ಕೊಳದಂಗೆ ಸ್ವಲ್ಪ ಕರೆಂಟ್ ಹೆಚ್ಚಿಗೆ ಎಳ್ಕೊಳೋಕೆ ಅಂತ್ಲೇ ಇಟ್ಟಿರೋದು. ನಿಮ್ಮ ಡ್ರೈವರಿಗೆ ಇದ್ಯಾವುದೂ ಗೊತ್ತಿಲ್ಲ, ನೀವು ಕತ್ತರಿಸಿದಷ್ಟೂ ಅದು ಹಠ ಮಾಡಿ ಬೆಳಕು ಹಿಡಿದಿಡೋಕೆ ನೋಡತ್ತೆ, ಬಿಸಿಯಾಗಿ ಬೇಗ ಸಾಯತ್ತೆ. ದಯವಿಟ್ಟು ಸದ್ಯಕ್ಕೆ ನಾಬ್ ಪೂರ್ತಿ ಇಟ್ಟು ಮಾತ್ರ ಬಳಸಿ, ಇಲ್ಲಾಂದ್ರೆ ಡಿಮ್ಮರ್ ತೆಗೆದು ಮಾಮೂಲಿ ಸ್ವಿಚ್ ಹಾಕ್ಸಿ.

ಎರಡ್‌ಸ್ವಿಚ್_ಸಾಕು
ಅದಕ್ಕೇ ಹೇಳಿದ್ದು. 6 ಲೈಟಿಗೂ ಡ್ರೈವರ್ ಬದಲಾಯಿಸಿ, ಡಿಮ್ಮರ್ ಬದಲಾಯಿಸಿ, ಎಷ್ಟು ದುಡ್ಡು! ಎರಡೆರಡು ಲೈಟಿಗೆ ಒಂದೊಂದು ಸ್ವಿಚ್ ಮಾಡ್ಸಿದ್ರೆ ಬೇಕಾದಷ್ಟೇ ಹಾಕ್ಕೋಬಹುದು. ನಮ್ಮಜ್ಜಿ ಮನೇಲಿ ಹಜಾರಕ್ಕೆಲ್ಲಾ ಒಂದೇ ಜೀರೋ ಕ್ಯಾಂಡಲ್ ಬಲ್ಬ್ ಇತ್ತು, ಯಾರೂ ಎಡವಿ ಬಿದ್ದಿಲ್ಲ.

ಮೈಸೂರ್_ಹಳೇಮನೆ
ನಿಮ್ಮ ಮಾತು ತೆಗೆದುಹಾಕ್ತಿಲ್ಲ, ನೈಟ್ ಲ್ಯಾಂಪ್ ಹಾಕಿ ನೋಡಿದೀವಿ. ಆದ್ರೆ ಅಮ್ಮಂಗೆ ಒಂದೇ ಮೂಲೆಯಿಂದ ಬೆಳಕು ಬಂದ್ರೆ ಅವರದೇ ನೆರಳು ಮುಂದೆ ಬಿದ್ದು ಹೊಸಿಲು ಕಾಣಲ್ಲ, ನಮ್ಮ ಹಾಲಿಂದ ಪ್ಯಾಸೇಜಿಗೆ ಒಂದು ಹೊಸಿಲಿದೆ. ಮೇಲಿಂದ ಎಲ್ಲಾ ಕಡೆ ಸಮನಾಗಿ, ಆದ್ರೆ ಮಂದವಾಗಿ ಬೇಕು. ಅದೊಂದಕ್ಕೇ ಇಷ್ಟು ಒದ್ದಾಡ್ತಿರೋದು.

ಎರಡ್‌ಸ್ವಿಚ್_ಸಾಕು
ಓ ಹೊಸಿಲು ಇದೆಯಾ. ಹಾಗಾದ್ರೆ ಸರಿ ಬಿಡಿ, ಅದು ಗೊತ್ತಿರ್ಲಿಲ್ಲ. ಹೊಸಿಲಿಗೆ ಹಳದಿ ಪೇಂಟ್ ಪಟ್ಟಿ ಒಂದು ಎಳೀರಿ ಜೊತೆಗೆ.

ರಂಗದ_ಹಿಂದೆ
ನಾನು ನಾಟಕಕ್ಕೆ ಲೈಟ್ ಮಾಡೋನು, ಡಿಮ್ಮರ್ ಅಂದ ತಕ್ಷಣ ಬಂದೆ. ನಮ್ಮ ಪಾರ್ 64 ಲೈಟು ಒಂದೊಂದೂ 1000 ವ್ಯಾಟ್, ಎಲ್ಲಾ ಟ್ರಯಾಕ್, ಥೈರಿಸ್ಟರ್ ಡಿಮ್ಮರ್ ಮೇಲೇ ಓಡೋದು. ಅಲ್ಲೂ ತಂತಿ ಹಾಡತ್ತೆ, ನಿಶ್ಶಬ್ದ ಸೀನಲ್ಲಿ ಲೈಟು 30 ಪರ್ಸೆಂಟಲ್ಲಿ ಇದ್ರೆ ಮೇಲಿಂದ ಜುಂಯ್ ಅಂತ ಕೇಳತ್ತೆ, ಮೊದಲ ಸಾಲಿನವ್ರು ತಲೆ ಎತ್ತಿ ನೋಡ್ತಾರೆ. ಒಳ್ಳೇ ಡಿಮ್ಮರ್‌ನಲ್ಲಿ ದಪ್ಪ ಚೋಕ್ ಹಾಕಿರ್ತಾರೆ, ಕರೆಂಟ್ ಏರೋದು ನಿಧಾನ ಆಗಿ ಸದ್ದು ಇಳಿಯತ್ತೆ.

ನಮ್ಮ ಹುಡುಗನೊಬ್ಬ ಹೊಸಾ ಎಲ್‌ಇಡಿ ಪಾರನ್ನ ತಂದು ಹಳೇ ಡಿಮ್ಮರ್ ಚಾನೆಲ್ಲಿಗೆ ಚುಚ್ಚಿದ, ಎರಡನೇ ಅಂಕಕ್ಕೆ ಸುಟ್ಟ ವಾಸನೆ. ನಮ್ಮಲ್ಲಿ ಎಲ್‌ಇಡಿಗೆ ನೇರ ಕರೆಂಟ್ ಕೊಟ್ಟು ಬೆಳಕನ್ನ ಡಿಎಂಎಕ್ಸ್ ಕೇಬಲಲ್ಲಿ ಬೇರೆ ಹೇಳ್ಬೇಕು, ಒಂದು ಲೈನಲ್ಲಿ 512 ಚಾನೆಲ್. ಮನೇಲೂ ಹಾಗೇ ಕರೆಂಟಿಗೊಂದು ತಂತಿ, ಮಾತಿಗೊಂದು ತಂತಿ ಅಂತ ಬೇರೆ ಇದ್ರೆ ಈ ರಗಳೆನೇ ಇರಲ್ಲ ಅಲ್ವಾ?

ಸರ್ಕ್ಯೂಟ್_ಅಕ್ಕ
ಹೌದು, ಮನೆಗೂ ಅಂಥದ್ದು ಇದೆ. 0 ರಿಂದ 10 ವೋಲ್ಟ್ ಅಂತ ಒಂದು, ಡಾಲಿ ಅಂತ ಒಂದು, ಡಾಲಿಯಲ್ಲಿ ಒಂದು ಲೈನಿಗೆ 64 ಲೈಟ್ ತನಕ ವಿಳಾಸ ಕೊಡಬಹುದು. ಹೊಸಾ ಮನೆ ಕಟ್ತಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಎರಡಕ್ಕೂ ಸ್ವಿಚ್ಚಿಂದ ಲೈಟ್ ತನಕ ಇನ್ನೆರಡು ತಂತಿ ಎಳೀಬೇಕು. ಇವರದು ಮುಗಿದ ಮನೆ, ಗೋಡೆ ಕೊರೆದು, ಸೀಲಿಂಗ್ ಬಿಚ್ಚಿ... ಇರೋ ತಂತಿಯಲ್ಲೇ ಕೆಲಸ ಆಗತ್ತೆ ಅನ್ನೋ ಒಂದೇ ಕಾರಣಕ್ಕೆ ಫೇಸ್ ಕಟ್ ಇನ್ನೂ ಬದುಕಿದೆ.

ಭದ್ರಾವತಿ_ರೇಡಿಯೋ
ನಾನು ನಿವೃತ್ತ ಮೇಷ್ಟ್ರು, ವಯಸ್ಸು 71. ಡಿಮ್ಮರಿಂದ ನನಗಾದ ತೊಂದರೆ ಹೇಳ್ತೀನಿ. ಮಗ ರೂಮಿಗೆ ಡಿಮ್ಮರ್ ಹಾಕ್ಸಿದ ಮೇಲೆ ಆಕಾಶವಾಣಿ ಭದ್ರಾವತಿ 675 ಕಿಲೋಹರ್ಟ್ಸ್‌ನಲ್ಲಿ ಬರೀ ಗರ್ ಗರ್. ಲೈಟ್ ಆರಿಸಿದ್ರೆ ವಾರ್ತೆ ಸ್ಪಷ್ಟ, ಹಾಕಿದ್ರೆ ಗರಗರ. ಪೂರ್ತಿ ಬೆಳಕಿಗಿಟ್ಟಾಗ ಸುಮಾರಾಗಿ ಕೇಳತ್ತೆ, ನಡುವೆ ಇಟ್ರೆ ಅತಿ ಜಾಸ್ತಿ. ರೇಡಿಯೋ ಕೆಟ್ಟಿದೆ ಅಂತ ಎಲ್ರೂ ಅಂದ್ರು, ಕೆಟ್ಟಿದ್ದು ರೇಡಿಯೋ ಅಲ್ಲ.

ಸರ್ಕ್ಯೂಟ್_ಅಕ್ಕ
ಮೇಷ್ಟ್ರೇ ನೀವು ಹಿಡಿದಿರೋದು ನೂರಕ್ಕೆ ನೂರು ಸರಿ. ನಡುವೆ ಇಟ್ಟಾಗ ಅಲೆಯ ತುದಿಯಲ್ಲಿ ಬಾಗಿಲು ತೆಗೆಯತ್ತೆ, ಆಗಲೇ ಅತಿ ದೊಡ್ಡ ಜಿಗಿತ. ಆ ಜಿಗಿತ ಮೀಡಿಯಂ ವೇವ್ ತನಕ ಗದ್ದಲ ಎಬ್ಬಿಸತ್ತೆ. ಒಳಗೆ ಫಿಲ್ಟರ್ ಉಳಿಸಿದ ಅಗ್ಗದ ಡಿಮ್ಮರ್ ಅದು. ಟ್ರೇಲಿಂಗ್‌ಗೆ ಬದಲಾಯಿಸಿದ್ರೆ ತುಂಬಾ ಇಳಿಯತ್ತೆ, ಅದೂ ಆಗ್ಲಿಲ್ಲ ಅಂದ್ರೆ ರೇಡಿಯೋನ ಆ ಗೋಡೆಯಿಂದ ದೂರ ಇಡಿ.

ಕುಡ್ಲ_ಬೊಳ್ಪು
ಆಫ್ ಮಾಡಿದ ಮೇಲೂ ಸಣ್ಣಗೆ ಉರಿಯುವ ಕತೆಗೆ ಮದ್ದು ಉಂಟು ಮಾರಾಯ್ರೆ. ಲೈಟಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕಿದ್ರೆ ಆಯ್ತು. ಹಳೇ ಫ್ಯಾನಿನದ್ದು ಒಂದು ಇದ್ರೆ ಅದೇ ಸಾಕು.

ಸರ್ಕ್ಯೂಟ್_ಅಕ್ಕ
ಅಯ್ಯೋ ಬೇಡ, ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ! ಸೀಲಿಂಗ್ ಒಳಗೆ ಕಣ್ಣಿಗೆ ಕಾಣದ ಕಡೆ ಹಳೇ ಫ್ಯಾನ್ ಕೆಪಾಸಿಟರ್ ಇಡೋದು ಬೆಂಕಿಗೆ ದಾರಿ. ನಿಯಾನ್ ದೀಪ ಇರೋ ಮಾಮೂಲಿ ಸ್ವಿಚ್ಚಿಂದ ಮಿಣುಕ್ತಿದ್ರೆ ಎಕ್ಸ್2 ಅಂತ ಗುರುತಿರೋ 275 ವೋಲ್ಟಿನ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಆಗಬಹುದು. ಇವರದು ಲೀಡಿಂಗ್ ಎಡ್ಜ್ ಡಿಮ್ಮರ್, ಅಲ್ಲಿ ಕೆಪಾಸಿಟರ್ ಸೇರಿಸಿದ್ರೆ ನಾನು ಮೇಲೆ ಹೇಳಿದ ಹೊಡೆತ ಇನ್ನೂ ಹೆಚ್ಚಾಗತ್ತೆ. ಡಿಮ್ಮರ್ ಮಾಡಿದ ಕಂಪನಿಯವ್ರೇ ಬೈಪಾಸ್ ಅಂತ ಒಂದು ಸಣ್ಣ ತುಂಡು ಮಾರ್ತಾರೆ, ಅದನ್ನೇ ತಗೊಳಿ.

ಕುಡ್ಲ_ಬೊಳ್ಪು
ಹಾಗಾ. ನಮ್ಮಲ್ಲಿ ಎರಡು ವರ್ಷದಿಂದ ಹಾಗೇ ಉಂಟಲ್ಲ ಅದು. ನಾಳೆಯೇ ತೆಗೆಸ್ತೇನೆ.

ಹುಬ್ಳಿ_ವಾಯರಿಂಗ್
ಅಕ್ಕಾರು ಹೇಳಿದ್ದು ಖರೆ. ಮತ್ತ ಇನ್ನೊಂದು, ಡಿಮ್ಮರ್ ಆಫ್ ಮಾಡೀನಿ ಅಂತ ಹೇಳಿ ಲೈಟಿಗೆ ಕೈ ಹಾಕಬ್ಯಾಡ್ರಿ. ಆಫ್ ಇದ್ರೂ ಅದರೊಳಗಿಂದ ಸ್ವಲ್ಪ ಕರೆಂಟ್ ಸೋರತೈತಿ, ಮಿಣುಕೋದು ಅದಕ್ಕ. ಎಂಸಿಬಿ ಕೆಳಗ ಮಾಡ್ರಿ, ಟೆಸ್ಟರ್ ಹಚ್ಚಿ ನೋಡ್ರಿ, ಆಮ್ಯಾಲ ಬಿಚ್ರಿ.

ಲೆಸ್ಟರ್_ಕನ್ನಡತಿ
ಇಂಗ್ಲೆಂಡಿಂದ ಬರೀತಿದೀನಿ, ಇಲ್ಲೂ 230 ವೋಲ್ಟ್, 50 ಹರ್ಟ್ಸ್. ಮನೆ ತಗೊಂಡಾಗ ಅಡುಗೆಮನೇಲಿ 50 ವ್ಯಾಟ್ ಹ್ಯಾಲೊಜೆನ್ 6 ಇತ್ತು, 300 ವ್ಯಾಟ್. ಎಲ್ಲಾ ತೆಗೆದು 5 ವ್ಯಾಟ್ ಎಲ್‌ಇಡಿ ಹಾಕಿದ್ವಿ, ಒಟ್ಟು 30 ವ್ಯಾಟ್. ಹಳೇ ಡಿಮ್ಮರ್ ಅವತ್ತಿಂದಲೇ ಕುಣಿಯೋಕೆ ಶುರು. ಟ್ರೇಲಿಂಗ್ ಹಾಕಿದ ಮೇಲೆ ಶಾಂತಿ. ಇಲ್ಲಿ ಇನ್ನೊಂದು ಕಷ್ಟ, ಸ್ವಿಚ್ ಬಾಕ್ಸಲ್ಲಿ ಬಹಳ ಮನೇಲಿ ನ್ಯೂಟ್ರಲ್ ತಂತಿನೇ ಇರಲ್ಲ, ಹಾಗಾಗಿ ಎರಡು ತಂತಿಯ ಡಿಮ್ಮರೇ ಗತಿ.

ಹುಬ್ಳಿ_ವಾಯರಿಂಗ್
ನಮ್ಮ ಕಡೆ ಅದೊಂದು ಚಲೋ ಐತ್ರಿ. ಬೋರ್ಡಿನ್ಯಾಗ ಒಂದರ ಪ್ಲಗ್ ಪಾಯಿಂಟ್ ಇರತೈತಿ, ಅಂದ್ಮ್ಯಾಲ ನ್ಯೂಟ್ರಲ್ ಅಲ್ಲೇ ಬಂದಿರತೈತಿ. ನ್ಯೂಟ್ರಲ್ ಹಚ್ಚೋ ಡಿಮ್ಮರ್ ತಗೊಂಡ್ರ ಅದಕ್ಕ ಬೇಕಾದ ಕರೆಂಟ್ ಲೈಟಿನ ಮೂಲಕ ಕದಿಯೋದು ತಪ್ಪತೈತಿ, ಮಿಣುಕೋದೂ ನಿಲ್ಲತೈತಿ. ಆದ್ರ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಎಳದು ಹಚ್ಚಬಾರ್ದು, ಆರ್‌ಸಿಸಿಬಿ, ಅಂದ್ರ ಕರೆಂಟ್ ಸೋರಿದ್ರ ಲೈನ್ ಕಟ್ ಮಾಡೋ ಸ್ವಿಚ್, ಟ್ರಿಪ್ ಆಗತೈತಿ.

ರಂಗದ_ಹಿಂದೆ
ಒಂದು ವಿಚಾರ ಯಾರೂ ಹೇಳಿಲ್ಲ. ತಂತಿ ಬಲ್ಬ್ ಇಳಿಸಿದ್ರೆ ಬೆಳಕಿನ ಜೊತೆ ಬಣ್ಣನೂ ಇಳಿಯತ್ತೆ, 2700 ಕೆಲ್ವಿನ್ನಿಂದ (ಇದು ಬೆಳಕಿನ ಬಣ್ಣದ ಅಳತೆ, ಕಮ್ಮಿ ಇದ್ದಷ್ಟೂ ಹಳದಿ) ಕೆಂಪಿಗೆ ತಿರುಗಿ ಎಣ್ಣೆ ದೀಪದ ಹತ್ರ ಹೋಗತ್ತೆ. ಎಲ್‌ಇಡಿ ಇಳಿಸಿದ್ರೆ ಅದೇ ಬಣ್ಣ ಮಂಕಾಗತ್ತೆ ಅಷ್ಟೇ. 6500ರ ಬಿಳೀ ಲೈಟನ್ನ ಇಳಿಸಿದ್ರೆ ಗೋಡೆ ಎಲ್ಲಾ ಬೂದಿ ಬಳಿದಂಗೆ ಕಾಣತ್ತೆ. ಅಮ್ಮಂಗೆ ರಾತ್ರಿಗೆ ಅಂದ್ರೆ 2700 ಅಥವಾ 3000 ತಗೊಳಿ, ಇದನ್ನ ಮಾತ್ರ ಮರೀಬೇಡಿ.

ಇನ್ನೊಂದು, ಕಣ್ಣು ಮೀಟರಲ್ಲ. ಮೀಟರ್ ಪ್ರಕಾರ 10 ಪರ್ಸೆಂಟಿಗೆ ಇಳಿಸಿದ್ರೂ ಕಣ್ಣಿಗೆ ಮೂರನೇ ಒಂದು ಭಾಗ ಇದ್ದಂಗೆ ಅನ್ಸತ್ತೆ. ರಾತ್ರಿ ಎದ್ದವರಿಗೆ 10 ಸಾಲಲ್ಲ, 1 ಪರ್ಸೆಂಟ್ ತನಕ ಇಳಿಯೋ ಡ್ರೈವರ್ ಕೇಳಿ.

ಕುಡ್ಲ_ಬೊಳ್ಪು
ಬಣ್ಣದ ಮಾತು ಬಂತಲ್ಲ, ನಮ್ಮ ಕಡೆ ಯಕ್ಷಗಾನಕ್ಕೂ ಈಗ ಬೆಳ್ಳಗಿನ ಎಲ್‌ಇಡಿ ಸುರಿಯುವುದು ನೋಡಿದ್ರೆ ಬೇಸರ ಆಗ್ತದೆ. ವೇಷದ ಕೆಂಪು, ಹಳದಿ, ಕಿರೀಟದ ಹೊಳಪು ಎಲ್ಲಾ ಪೇಲವ. ಸಣ್ಣವನಿದ್ದಾಗ ಗ್ಯಾಸ್‌ಲೈಟಿನ ಕೆಳಗೆ ಬಣ್ಣದ ವೇಷ ಬಂದ್ರೆ ಮೈ ಜುಂ ಅನ್ನುತ್ತಿತ್ತು.

ರಂಗದ_ಹಿಂದೆ
ಹೌದು ಸಾರ್, ಅದಕ್ಕೆ ಬೇರೆ ಥ್ರೆಡ್ಡೇ ಬೇಕು, ಶುರು ಮಾಡಿ ಬರ್ತೀನಿ.

ಗೊಂದಲ_ಗಂಗೂ
ಹಾಗಾದ್ರೆ ಸರ್ಕಾರದ ಹೊಸ ಬೆಳಕು ಸ್ಕೀಮಲ್ಲಿ ತಗೊಂಡಿದ್ದ 9 ವ್ಯಾಟ್ ಬಲ್ಬಿಗೆ ಡಿಮ್ಮರ್ ಹಾಕಬಹುದಾ?

ಹುಬ್ಳಿ_ವಾಯರಿಂಗ್
ಬ್ಯಾಡ. ಅವು ಡಿಮ್ಮಬಲ್ ಅಲ್ಲ.

ಸರ್ಕ್ಯೂಟ್_ಅಕ್ಕ
ಫ್ಲಿಕರ್ ಬಗ್ಗೆ ಒಂದು ಮಾತು. ಕಣ್ಣಿಗೆ ಕಾಣದಿದ್ರೂ 100 ಹರ್ಟ್ಸ್ ಅಲುಗಾಟ ತಲೆನೋವು ತರತ್ತೆ ಕೆಲವರಿಗೆ. ಐಟ್ರಿಪಲ್‌ಇ 1789 ಅಂತ 2015ರಲ್ಲಿ ಬಂದ ಒಂದು ಶಿಫಾರಸು ಇದೆ, ಅದರ ಲೆಕ್ಕದಲ್ಲಿ 100 ಹರ್ಟ್ಸ್‌ಗೆ ಅಲುಗಾಟ 8 ಪರ್ಸೆಂಟಿನ ಒಳಗಿದ್ರೆ ಅಪಾಯ ಕಮ್ಮಿ. ಮನೇಲಿ ಮೀಟರ್ ಇಲ್ಲದೇ ನೋಡೋದು ಹೇಗೆ ಅಂದ್ರೆ, ಲೈಟ್ ಕೆಳಗೆ ಒಂದು ಪೆನ್ನನ್ನ ಬೇಗ ಬೇಗ ಬೀಸಿ. ಪೆನ್ನು ಒಂದೇ ಮಸುಕು ಬೀಸಣಿಗೆ ಥರ ಕಂಡ್ರೆ ಒಳ್ಳೇದು, ಬಿಡಿ ಬಿಡಿಯಾಗಿ ಹತ್ತು ಪೆನ್ನು ಕಂಡ್ರೆ ಅಲುಗಾಟ ಜಾಸ್ತಿ. ಪೂರ್ತಿ ಬೆಳಕಲ್ಲಿ ಒಂದ್ಸಲ, ಕೆಳಗೆ ಇಳಿಸಿ ಒಂದ್ಸಲ ಮಾಡಿ.

ಹಳೇಮನೆಯವ್ರೇ, ನಿಮಗೆ ನನ್ನ ಸಲಹೆ ಇದು. 6 ಒಟ್ಟಿಗೆ ತಗೋಬೇಡಿ. ಡಿಮ್ಮಬಲ್ ಲೈಟ್ ಕಂಪನಿಯವ್ರು ಯಾವ ಯಾವ ಡಿಮ್ಮರ್ ಜೊತೆ ಪರೀಕ್ಷೆ ಮಾಡಿದೀವಿ ಅಂತ ಪಟ್ಟಿ ಕೊಡ್ತಾರೆ, ಅದನ್ನ ಕೇಳಿ. ಪಟ್ಟಿ ಇಲ್ಲ ಅಂದ್ರೆ ಆ ಲೈಟೇ ಬಿಡಿ. ಎರಡು ಲೈಟ್, ಒಂದು ಡಿಮ್ಮರ್ ತಂದು ಮೇಜಿನ ಮೇಲೆ ಹಚ್ಚಿ, ರಾತ್ರಿ ಗದ್ದಲ ಇಲ್ಲದಾಗ ಕಿವಿ ಇಟ್ಟು ಕೇಳಿ.

ಹುಬ್ಳಿ_ವಾಯರಿಂಗ್
ನಾ ಒಂದು ಮಾತು ಒಪ್ಪಂಗಿಲ್ಲ ಅಕ್ಕಾರ. ಎಲ್ಲಾ ಕಡೆ ಟ್ರೇಲಿಂಗ್ ಅಂತ ಹೇಳಬ್ಯಾಡ್ರಿ. ಹಳೇ ತಾಮ್ರದ ಸುತ್ತಿನ ಟ್ರಾನ್ಸ್‌ಫಾರ್ಮರ್ ಇದ್ದಲ್ಲೆ ಟ್ರೇಲಿಂಗ್ ಹಾಕಿದ್ರ ಸುಟ್ಟ ಹೊಕ್ಕಾವು. ಕೆಲವು ಡ್ರೈವರ್ ಲೀಡಿಂಗ್‌ಗ ಅಂತ ಮಾಡಿದ್ದು ಇರ್ತಾವು, ಅಲ್ಲಿ ಲೀಡಿಂಗೇ ಚಲೋ.

ಸರ್ಕ್ಯೂಟ್_ಅಕ್ಕ
ಒಪ್ತೀನಿ ಅಣ್ಣಾ. ಸುರುಳಿ ಇರೋ ಲೋಡನ್ನ ಮಧ್ಯದಲ್ಲಿ ಕತ್ತರಿಸಿದ್ರೆ ವೋಲ್ಟೇಜ್ ಎಗರಿ ಮಾಸ್‌ಫೆಟ್ ಸಾಯತ್ತೆ, ಅದಕ್ಕೆ ಲೀಡಿಂಗೇ. ನಾನು ಹೇಳಿದ್ದು ಇವರ ಹಾಲಿನ ಡೌನ್‌ಲೈಟಿಗೆ ಮಾತ್ರ. ಡ್ರೈವರ್ ಮೇಲೆ ಏನು ಬರೆದಿದೆಯೋ ಅದೇ ಕೊನೇ ಮಾತು.

ಮೈಸೂರ್_ಹಳೇಮನೆ
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ. ಬೆಂಗಳೂರಿಗೆ ಹೋದಾಗ ಬಿವಿಕೆ ಅಯ್ಯಂಗಾರ್ ರೋಡಲ್ಲಿ ಅರ್ಧ ದಿನ ಸುತ್ತಿದೆ. ನಾಲ್ಕು ಅಂಗಡೀಲಿ ಟ್ರೇಲಿಂಗ್ ಎಡ್ಜ್ ಅಂದ್ರೆ ಮುಖ ನೋಡಿದ್ರು, ಐದನೇದರಲ್ಲಿ ವಯಸ್ಸಾದವರೊಬ್ರು ಪಟ್ಟಿ ತೆಗೆದು ತೋರ್ಸಿ, ಅಂಗಡೀಲೇ ಹಚ್ಚಿ ತೋರಿಸಿದ್ರು. ನ್ಯೂಟ್ರಲ್ ಇರೋ ಟ್ರೇಲಿಂಗ್ ಡಿಮ್ಮರ್ ಒಂದು, 3000 ಕೆಲ್ವಿನ್ ಡಿಮ್ಮಬಲ್ ಲೈಟ್ ಎರಡು ತಂದೆ. ಪೆನ್ನಿನ ಪರೀಕ್ಷೆ ಮಾಡ್ದೆ, ಮಸುಕು ಬೀಸಣಿಗೆ. ಕಿವಿ ಇಟ್ಟೆ, ಒಂದು ಗೇಣು ಹತ್ರ ಹೋದ್ರೆ ಮಾತ್ರ ಸಣ್ಣ ಸದ್ದು. ಆಮೇಲೆ ಉಳಿದ ನಾಲ್ಕು ತರಿಸಿದೆ.

ಮೊದಲು ಪೂರ್ತಿ ಕೆಳಗೆ ತಿರುಗಿಸಿದಾಗ ಒಂದು ಲೈಟ್ ಆರ್ತಿತ್ತು. ಡಿಮ್ಮರ್ ಪಕ್ಕದಲ್ಲಿ ಸಣ್ಣ ಸ್ಕ್ರೂ ಇದೆ, ಅದನ್ನ ತಿರುಗಿಸಿ ಕನಿಷ್ಠ ಬೆಳಕನ್ನ ಒಂಚೂರು ಮೇಲೆ ಇಟ್ಟೆ, ಈಗ ಆರೂ ಒಟ್ಟಿಗೆ ಇಳಿಯತ್ತೆ ಒಟ್ಟಿಗೆ ಏರತ್ತೆ. ಅಮ್ಮ ನಿನ್ನೆ ರಾತ್ರಿ ಎದ್ದು ಹೋಗಿ ಬಂದಿದ್ದು ನಮಗೆ ಗೊತ್ತೇ ಆಗ್ಲಿಲ್ಲ. ಬೆಳಿಗ್ಗೆ ಕೇಳಿದ್ರೆ, ದೇವರ ಮನೆ ದೀಪದಷ್ಟು ಇತ್ತು, ಹೊಸಿಲು ಕಾಣ್ತು ಅಂದ್ರು. ಹಳದಿ ಪಟ್ಟಿನೂ ಹಾಕಿದೀನಿ, ಎರಡ್‌ಸ್ವಿಚ್ ಅವ್ರಿಗೆ ಥ್ಯಾಂಕ್ಸ್.

ಎರಡ್‌ಸ್ವಿಚ್_ಸಾಕು
ಖುಷಿ ಆಯ್ತು ಸಾರ್. ಕರೆಂಟ್ ಹೋದಾಗ ಏನ್ ಮಾಡ್ತೀರ? ಇನ್ವರ್ಟರ್ ಮೇಲೆ ಡಿಮ್ಮರ್ ಓಡತ್ತಾ?

ಸರ್ಕ್ಯೂಟ್_ಅಕ್ಕ
ಒಳ್ಳೇ ಪ್ರಶ್ನೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಅಲೆ ಮೊದಲೇ ಚೌಕಾಕಾರ, ಅಲ್ಲಿ ಡಿಮ್ಮರ್ ಲೆಕ್ಕ ತಪ್ಪತ್ತೆ, ಸದ್ದೂ ಮಾಡತ್ತೆ, ಬಿಸಿನೂ ಆಗತ್ತೆ. ಪ್ಯೂರ್ ಸೈನ್ ಆದ್ರೆ ಸಮಸ್ಯೆ ಇಲ್ಲ. ನಿಮ್ದು ಯಾವುದು?

ಮೈಸೂರ್_ಹಳೇಮನೆ
ನೋಡಿದೆ ಅಕ್ಕಾ, ನಮ್ದು ಹಳೇದು, ಸ್ಕ್ವೇರ್ ವೇವ್. ಹಾಲಿನ ಈ ಲೈನನ್ನ ಇನ್ವರ್ಟರಿಂದ ತೆಗೆಸಿ, ಪ್ಯಾಸೇಜಿನ ನೈಟ್ ಲ್ಯಾಂಪ್ ಒಂದನ್ನ ಅದಕ್ಕೆ ಹಾಕಿಸ್ತೀನಿ. ಭಾನುವಾರ ಎಲೆಕ್ಟ್ರಿಷಿಯನ್ ಬರ್ತಾನೆ.